ಗೈಡ್ ನೆಚ್ಚಿದರೆ ಗಣಿತ ಒಲಿದೀತೇ?

ಕಳೆದ ವರ್ಷ ದೀಪಾವಳಿಯ ಸುಮಾರಿಗೆ ನಮ್ಮ ಪ್ರೌಢಶಾಲೆಯಲ್ಲಿ ಓದಿ ಹೋದ ಹುಡುಗಿಯೊಬ್ಬಳು ತಂದೆಯೊಂದಿಗೆ ಮನೆಗೆ ಬಂದಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 94 ಅಂಕ ಪಡೆದಿದ್ದವಳು. ಈಗ ಪಕ್ಕದ ಪಟ್ಟಣದಲ್ಲಿ ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಬಂದಿದ್ದು 80ಕ್ಕೆ 27!

‘ಮೇಷ್ಟ್ರೇ, ಓದೋದ್ರಲ್ಲಿ ಇವಳು ಏನೂ ಕಡಿಮೆ ಮಾಡಿಲ್ಲ. ರಾತ್ರಿ ಹನ್ನೊಂದರ ತನಕ ಗೈಡು ಹಿಡ್ಕೊಂಡೇ ಕೂತಿರ್ತಾಳೆ. ಇದಕ್ಕಿಂತ ಒಳ್ಳೇ ಗೈಡು ಇದ್ರೆ ಹೇಳಿ, ತಂದುಕೊಡ್ತೀನಿ’ ಎಂದರು ತಂದೆ. ಮಗಳು ತಲೆ ತಗ್ಗಿಸಿಕೊಂಡೇ, ‘ನನಗೆ ಗಣಿತ ಬರಲ್ಲ ಸರ್. ಸೈನ್ಸ್ ತಗೊಂಡಿದ್ದೇ ತಪ್ಪಾಯ್ತು’ ಎಂದಳು.

ಮೂರು ವರ್ಷ ಅವಳಿಗೆ ಗಣಿತ ಹೇಳಿಕೊಟ್ಟವನು ನಾನು. ಆ ಮಾತು ಕೇಳಿ ಸಂಕಟವಾಯಿತು. ಗಣಿತ ಬಾರದ ಹುಡುಗಿಯಲ್ಲ ಅವಳು. ಹಾಗಾದರೆ ಎಡವಿದ್ದೆಲ್ಲಿ?

ಗೈಡಿನ ಆಕರ್ಷಣೆ

ಗೈಡ್ ಹಿಡಿದ ಮಕ್ಕಳನ್ನು ಸೋಮಾರಿಗಳೆಂದು ಬೈಯುವುದು ಸುಲಭ. ಆದರೆ ಅವರ ಕಷ್ಟವನ್ನೂ ನೋಡಬೇಕು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಕಾಲಿಟ್ಟ ದಿನವೇ ಇಂಗ್ಲಿಷಿಗೆ ಬೀಳುತ್ತದೆ. ‘ವರ್ಗಮೂಲ’ ಹೋಗಿ ‘ಸ್ಕ್ವೇರ್ ರೂಟ್’ ಬರುತ್ತದೆ. ನಮ್ಮ ರಾಜ್ಯದಲ್ಲಿ ಎನ್‌ಸಿಇಆರ್‌ಟಿ ಗಣಿತ ಪಠ್ಯ ಪ್ರಥಮ ಪಿಯುಸಿಗೆ ಬಂದದ್ದು 2012-13ರಲ್ಲಿ, ದ್ವಿತೀಯ ಪಿಯುಸಿಗೆ ಅದರ ಮರುವರ್ಷ. ದ್ವಿತೀಯ ವರ್ಷದ ಪುಸ್ತಕ ಎರಡು ಭಾಗಗಳಲ್ಲಿ ಒಟ್ಟು 13 ಅಧ್ಯಾಯಗಳದ್ದು. ಇಂಗ್ಲಿಷ್ ವಿವರಣೆಗಳ ಆ ದಪ್ಪ ಪುಸ್ತಕದ ಪಕ್ಕದಲ್ಲಿ, ಒಂದು ಅಧ್ಯಾಯವನ್ನು ಎರಡು ಪುಟಕ್ಕೆ ಇಳಿಸಿದ ತೆಳ್ಳನೆಯ ಗೈಡ್ ದೇವರು ಕೊಟ್ಟ ವರದಂತೆ ಕಂಡರೆ ಆಶ್ಚರ್ಯವೇನು?

ಆದರೆ ಇಳಿಸುವಾಗ ಬಿಟ್ಟುಹೋಗುವುದೇನು? ಪ್ರಶ್ನೆ ಇರುವುದು ಇಲ್ಲಿ.

ಸೂತ್ರ ಉಳಿಯಿತು, ಷರತ್ತು ಹೋಯಿತು

ಹುಡುಗಿಗೆ ಒಂದು ಪುಟ್ಟ ಲೆಕ್ಕ ಕೊಟ್ಟೆ. ‘120 ಡಿಗ್ರಿಯ ಸೈನ್ ತೆಗೆದು, ಬಂದದ್ದರ ಸೈನ್ ಇನ್ವರ್ಸ್ ತೆಗೆದರೆ ಎಷ್ಟು?’ ತಡಮಾಡದೆ ‘120’ ಎಂದಳು. ಗೈಡಿನಲ್ಲಿ ‘ಸೈನ್ ಇನ್ವರ್ಸ್ ಆಫ್ ಸೈನ್ ಎಕ್ಸ್ ಅಂದರೆ ಎಕ್ಸ್’ ಎಂದು ಚೌಕ ಹಾಕಿ ಮುದ್ರಿಸಿದ್ದನ್ನೂ ತೋರಿಸಿದಳು.

ಉತ್ತರ 60. 60 ಡಿಗ್ರಿಯ ಸೈನ್ ಮತ್ತು 120 ಡಿಗ್ರಿಯ ಸೈನ್ ಎರಡೂ ಒಂದೇ. ಹಿಂದಕ್ಕೆ ಹೋಗುವಾಗ ಒಂದೇ ಉತ್ತರ ಬರಲಿ ಎಂದು ಗಣಿತಜ್ಞರು ಮೈನಸ್ 90ರಿಂದ ಪ್ಲಸ್ 90 ಡಿಗ್ರಿಯೊಳಗಿನ ಕೋನವನ್ನೇ ಆರಿಸಿಕೊಳ್ಳಬೇಕೆಂದು ನಿಯಮ ಮಾಡಿದ್ದಾರೆ. ಎಕ್ಸ್ ಆ ಎಲ್ಲೆಯೊಳಗಿದ್ದರೆ ಮಾತ್ರ ಗೈಡಿನ ಸೂತ್ರ ಸರಿ. ಪಠ್ಯಪುಸ್ತಕದ ಎರಡನೆಯ ಅಧ್ಯಾಯ ಈ ಮಾತನ್ನು ವಿವರವಾಗಿ ಹೇಳುತ್ತದೆ. ಗೈಡ್ ಸೂತ್ರವನ್ನು ಉಳಿಸಿಕೊಂಡು ಷರತ್ತನ್ನು ಕೈಬಿಟ್ಟಿತ್ತು.

ಇನ್ನೊಂದು ಉದಾಹರಣೆ ನೋಡಿ. ಒಂದನ್ನು ಎಕ್ಸ್ ಸ್ಕ್ವೇರ್‌ನಿಂದ ಭಾಗಿಸಿದ್ದನ್ನು ಮೈನಸ್ 1ರಿಂದ ಪ್ಲಸ್ 1ರವರೆಗೆ ಇಂಟಿಗ್ರೇಟ್ ಮಾಡಿ. ಕಂಠಪಾಠದ ಸೂತ್ರ ಹಾಕಿದರೆ ಉತ್ತರ ಮೈನಸ್ 2! ಆದರೆ ವರ್ಗವೆಂದೂ ಋಣವಾಗದು. ಗ್ರಾಫ್ ಪೂರ್ತಿ ಅಕ್ಷದ ಮೇಲೆಯೇ ಇದೆ. ಅದರ ಕೆಳಗಿನ ವಿಸ್ತೀರ್ಣ ಮೈನಸ್ ಆಗುವುದೆಂತು? ಸೊನ್ನೆಯ ಹತ್ತಿರ ಗ್ರಾಫ್ ಆಕಾಶಕ್ಕೇ ಏರಿಬಿಡುತ್ತದೆ, ಅಲ್ಲಿ ಆ ಸೂತ್ರ ನಡೆಯುವುದಿಲ್ಲ. ಒಂದು ಚಿತ್ರ ಬರೆದು ನೋಡಿದವರಿಗೆ ಇದು ಹೊಳೆಯುತ್ತದೆ. ಸೂತ್ರವನ್ನಷ್ಟೇ ಉರು ಹೊಡೆದವರು ಮೈನಸ್ 2ಕ್ಕೆ ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ.

ನಾನೂ ಬಿದ್ದ ಹಳ್ಳ

ಉಪದೇಶ ಮಾಡುತ್ತಿರುವ ನಾನೇನೂ ಸಾಚಾ ಅಲ್ಲ. 1980ರ ದಶಕದ ಕೊನೆಯಲ್ಲಿ ಪಿಯುಸಿ ಓದುವಾಗ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಗೈಡೊಂದನ್ನು ಅರ್ಧ ಬೆಲೆಗೆ ಕೊಂಡು ತಂದಿದ್ದೆ. ಇಂಟಿಗ್ರೇಷನ್ನಿನ ಒಂದು ಸೂತ್ರದಲ್ಲಿ ಲಾಗ್‌ನೊಳಗಿನ ಅಂಶ, ಛೇದ ಎರಡೂ ಮುದ್ರಣದೋಷದಿಂದ ತಲೆಕೆಳಗಾಗಿದ್ದವು. ಅದನ್ನೇ ಶ್ರದ್ಧೆಯಿಂದ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲೂ ಬರೆದು ಬಂದೆ. ಅಂಕ ಹೋಯಿತು.

ನಾಚಿಕೆಯಾದದ್ದು ಅದಕ್ಕಲ್ಲ. ಬಂದ ಉತ್ತರವನ್ನು ಡಿಫರೆನ್ಷಿಯೇಟ್ ಮಾಡಿದರೆ ಕೊಟ್ಟ ಲೆಕ್ಕ ಮರಳಿ ಸಿಗಬೇಕು. ಎರಡು ನಿಮಿಷದ ಕೆಲಸ. ಹಾಗೆ ತಾಳೆ ನೋಡಬಹುದೆಂಬ ಯೋಚನೆಯೇ ನನಗೆ ಬಂದಿರಲಿಲ್ಲ!

ಹಾಗಾದರೆ ಗೈಡ್ ಬೇಡವೇ?

ಬೇಕು, ಆದರೆ ಅದರ ಜಾಗದಲ್ಲಿ. ಲೆಕ್ಕವನ್ನು ಸ್ವತಃ ಮಾಡಿದ ಮೇಲೆ ಉತ್ತರ ತಾಳೆ ನೋಡಲು ಬೇಕು. ಪರೀಕ್ಷೆಯ ಹಿಂದಿನ ದಿನ ಕಲಿತದ್ದನ್ನು ಒಮ್ಮೆ ಕಣ್ಣಾಡಿಸಲು ಬೇಕು. ತೀರಾ ಹಿಂದುಳಿದ ಮಗುವಿಗೆ ಪಾಸಾಗುವಷ್ಟಾದರೂ ಧೈರ್ಯ ತುಂಬಲು ಕಾಲೇಜುಗಳಲ್ಲಿ ಕೊಡುವ ‘ಪಾಸಿಂಗ್ ಪ್ಯಾಕೇಜ್’ ಕೂಡ ಉಪಯುಕ್ತವೇ. ಸಿಇಟಿಯಲ್ಲಿ ಗಣಿತದ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ಅಲ್ಲಿ ಸೂತ್ರಗಳು ನಾಲಿಗೆಯ ತುದಿಯಲ್ಲೇ ಇರಬೇಕು. ಆದರೆ ನೆನಪಿಡಿ, ಷರತ್ತು ಮರೆತವರಿಗೆ ಬರುವ ತಪ್ಪು ಉತ್ತರವೂ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಕೂತಿರಬಹುದು.

ಒಟ್ಟಿನಲ್ಲಿ, ಸಾರಾಂಶ ನೆರವಾಗುವುದು ಪಾಠ ಗೊತ್ತಿದ್ದವರಿಗೆ. ಗೊತ್ತಿಲ್ಲದವರಿಗೆ ಅದು ಗೊತ್ತಿದೆಯೆಂಬ ಭ್ರಮೆಯನ್ನಷ್ಟೇ ಕೊಡುತ್ತದೆ. ಬಿಡಿಸಿಟ್ಟ ಲೆಕ್ಕವನ್ನು ಓದುವಾಗ ಎಲ್ಲವೂ ಸರಳ. ಗೈಡ್ ಮುಚ್ಚಿದ ಮೇಲಷ್ಟೇ ನಿಜಸ್ಥಿತಿ ತಿಳಿಯುವುದು.

ಈ ಭ್ರಮೆಯನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠಭಾಗವನ್ನು ಮತ್ತೊಮ್ಮೆ ಓದಿದರು. ಉಳಿದವರು ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಕಳೆದಾಗ ಮಾತ್ರ ಓದಿದವರಿಗೆ ನೆನಪಿದ್ದದ್ದು ಶೇ 42, ಬರೆದವರಿಗೆ ಶೇ 56. ಅದು ಗದ್ಯಪಾಠದ ಪ್ರಯೋಗ, ಗಣಿತದ್ದಲ್ಲ. ಆದರೂ ನಮ್ಮ ತರಗತಿಗಳಲ್ಲಿ ನಾವು ನಿತ್ಯ ಕಾಣುವುದು ಇದನ್ನೇ.

ನಿಮ್ಮ ಗೈಡ್ ನೀವೇ ಬರೆಯಿರಿ

ಆ ಹುಡುಗಿಗೆ ಹೇಳಿದ್ದಿಷ್ಟು. ಮೊದಲು ಪಠ್ಯಪುಸ್ತಕದ ಬಿಡಿಸಿದ ಉದಾಹರಣೆಯನ್ನು ಓದು. ಪುಸ್ತಕ ಮುಚ್ಚಿ ಅದನ್ನೇ ಖಾಲಿ ಹಾಳೆಯ ಮೇಲೆ ಮಾಡು. ಎಲ್ಲಿ ಪೆನ್ನು ನಿಂತಿತೋ ಅಲ್ಲಿಗೇ ಹಿಂತಿರುಗು. ಅಭ್ಯಾಸದ ಲೆಕ್ಕಕ್ಕೆ ಕನಿಷ್ಠ ಹದಿನೈದು ನಿಮಿಷ ಒದ್ದಾಡಿದ ಮೇಲಷ್ಟೇ ಗೈಡ್ ತೆರೆ. ಅಧ್ಯಾಯ ಮುಗಿದಾಗ ಅದರ ಸಾರವನ್ನು ಒಂದೇ ಹಾಳೆಯಲ್ಲಿ ಬರೆ, ಕನ್ನಡ ಇಂಗ್ಲಿಷ್ ಬೆರೆತರೂ ಚಿಂತೆಯಿಲ್ಲ. ಪ್ರತಿ ಸೂತ್ರದ ಪಕ್ಕದಲ್ಲಿ ‘ಇದು ಯಾವಾಗ ನಡೆಯುವುದಿಲ್ಲ?’ ಎಂದು ಕೇಳಿಕೊಂಡು ಉತ್ತರವನ್ನೂ ಬರೆ.

ಪಾಲಕರಿಗೂ ಒಂದು ಮಾತು. ಮಗು ಎಷ್ಟು ಹೊತ್ತು ಓದಿತೆಂದು ಎಣಿಸಬೇಡಿ. ಇಂದು ಯಾವುದನ್ನೂ ನೋಡದೆ ಎಷ್ಟು ಲೆಕ್ಕ ಮಾಡಿದೆ ಎಂದು ಕೇಳಿ. ಇದನ್ನು ಕೇಳಲು ನಿಮಗೆ ಗಣಿತ ಬರಬೇಕಿಲ್ಲ.

ಹೊರಡುವಾಗ ತಂದೆ, ‘ಹಾಗಾದ್ರೆ ಈ ಗೈಡು ಏನು ಮಾಡೋಣ ಮೇಷ್ಟ್ರೇ, ದುಡ್ಡು ಕೊಟ್ಟು ತಂದಿದ್ದು’ ಎಂದರು. ‘ಇರಲಿ ಬಿಡಿ, ಉತ್ತರ ತಾಳೆ ನೋಡೋಕೆ ಬೇಕಾಗುತ್ತೆ’ ಎಂದೆ.

ಸಂಕ್ರಾಂತಿಗೆ ಎಳ್ಳು ಬೀರಲು ಬಂದಾಗ ಹುಡುಗಿಯ ಕೈಯಲ್ಲೊಂದು ನೋಟುಪುಸ್ತಕವಿತ್ತು. ಒಂಬತ್ತು ಅಧ್ಯಾಯಗಳಿಗೆ ಒಂಬತ್ತು ಹಾಳೆ, ಮೂಲೆ ಮೂಲೆಯಲ್ಲೂ ಚಿತ್ತು, ತಿದ್ದುಪಡಿ. ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು 80ಕ್ಕೆ 61. ರ‍್ಯಾಂಕೇನೂ ಅಲ್ಲ. ಆದರೆ ‘ಗಣಿತ ಬರಲ್ಲ’ ಎಂಬ ಮಾತನ್ನು ಆಮೇಲೆ ಅವಳ ಬಾಯಿಂದ ನಾನು ಕೇಳಿಲ್ಲ. ಈಗ ಬಿಎಸ್ಸಿಗೆ ಸೇರಿದ್ದಾಳೆ. ಐಚ್ಛಿಕ ವಿಷಯಗಳಲ್ಲಿ ಗಣಿತವೂ ಒಂದು.