ಸರದಿ ನಿಂತರೆ ಬೋರ್ಡು ಸುಟ್ಟೀತು, ಜೋಕೆ!

ದೀಪ ಹಚ್ಚುವ ಹೊತ್ತಿಗೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಒಂದು ಸುತ್ತು ಹಾಕಿ ನೋಡಿ. ಬೇಕರಿ, ಬಟ್ಟೆ ಅಂಗಡಿ, ಮೆಡಿಕಲ್ ಸ್ಟೋರು, ಚಿನ್ನ ಅಡವಿಟ್ಟುಕೊಳ್ಳುವ ಫೈನಾನ್ಸು, ಎಲ್ಲಿ ನೋಡಿದರೂ ಓಡುವ ಕೆಂಪಕ್ಷರದ ಬೋರ್ಡು. ಅವುಗಳಲ್ಲಿ ಕೆಲವಕ್ಕೆ ಹಲ್ಲು ಉದುರಿದೆ. ಅಕ್ಷರಗಳ ನಡುವೆ ಅಡ್ಡಕ್ಕೆ ಕಪ್ಪು ಗೆರೆ. ಯಾಕೆ ಸ್ವಾಮಿ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: “ಚೀನಾ ಮಾಲು ಕಣ್ರೀ, ಇಷ್ಟೇ ಬಾಳಿಕೆ.”

ಮಾಲನ್ನು ಬೈಯುವುದು ಸುಲಭ. ಆದರೆ ಈ ಅಡ್ಡಗೆರೆಯ ಕಥೆ ಎಷ್ಟೋ ಸಲ ಬೇರೆಯೇ ಇರುತ್ತದೆ.

ಮೊದಲು ಒಂದು ಗುಟ್ಟು ತಿಳಿಯಬೇಕು. ಈ ಬೋರ್ಡಿನಲ್ಲಿ ದೀಪಗಳೆಲ್ಲ ಒಟ್ಟಿಗೆ ಉರಿಯುವುದೇ ಇಲ್ಲ! ಪೇಟೆಯಲ್ಲಿ ಪಿ-10 ಅಂತ ಸಿಗುವ ಹಲಗೆಯನ್ನೇ ತೆಗೆದುಕೊಳ್ಳಿ. ಅಡ್ಡಕ್ಕೆ 32, ಎತ್ತರಕ್ಕೆ 16, ಒಟ್ಟು 512 ಎಲ್‌ಇಡಿ. ಆ 16 ಸಾಲುಗಳನ್ನು ನಾಲ್ಕು ತಂಡ ಮಾಡಿರುತ್ತಾರೆ. ಒಂದು ತಂಡ ಉರಿಯುವಾಗ ಉಳಿದ ಮೂರು ಆರಿರುತ್ತವೆ. ಸರದಿ ಎಷ್ಟು ಬೇಗ ತಿರುಗುತ್ತದೆಂದರೆ ನಮ್ಮ ಕಣ್ಣು ಮೋಸಹೋಗಿ ಎಲ್ಲವೂ ಉರಿಯುತ್ತಿದೆ ಎಂದುಕೊಳ್ಳುತ್ತದೆ. ಕಾಲುಪಾಲು ಹೊತ್ತು ಮಾತ್ರ ಉರಿಯುವ ದೀಪ ಮಂಕಾಗಿ ಕಾಣಬಾರದಲ್ಲ, ಅದಕ್ಕೆ ಅದರ ಸರದಿ ಬಂದಾಗ ಕರೆಂಟು ಜಾಸ್ತಿಯೇ ಕೊಟ್ಟಿರುತ್ತಾರೆ.

ಮನೆಯಲ್ಲಿ ರೊಟ್ಟಿ ಸುಡುವುದನ್ನು ನೋಡಿದ್ದೀರಲ್ಲ? ಕೆಂಡದ ಮೇಲೆ ತಿರುವುತ್ತಲೇ ಇದ್ದರೆ ಉಬ್ಬುತ್ತದೆ. ಕೈ ನಿಂತರೆ ಸೀದುಹೋಗುತ್ತದೆ. ಇಲ್ಲಿ ತಿರುವುವ ಕೈ ಎಂದರೆ ಬೋರ್ಡಿನ ಹಿಂದಿರುವ ಕಂಟ್ರೋಲ್ ಕಾರ್ಡು. ಕರೆಂಟು ಹೋಗಿ ಬಂದಾಗ, ವೋಲ್ಟೇಜು ಕುಸಿದಾಗ, ರಿಬ್ಬನ್ ಕೇಬಲ್ ಸಡಿಲವಾದಾಗ ಈ ಕಾರ್ಡಿಗೆ ದಿಕ್ಕು ತಪ್ಪುತ್ತದೆ. ಸರದಿ ಅಲ್ಲೇ ನಿಲ್ಲುತ್ತದೆ. ಯಾವ ತಂಡದ ಪಾಳಿಯಲ್ಲಿ ನಿಂತಿತೋ ಆ ಸಾಲುಗಳಿಗೆ ಬಿಡುವೇ ಇಲ್ಲದೆ ಕರೆಂಟು. ದೀಪ ಕಾಯುತ್ತದೆ, ಅದನ್ನು ನಡೆಸುವ ಸಣ್ಣ ಚಿಪ್ಪೂ ಕಾಯುತ್ತದೆ.

ಪಿ-10 ಹಲಗೆಯಲ್ಲಿ ಇದು ನಾಲ್ಕು ಪಟ್ಟು ಹೊರೆ, ಅದೃಷ್ಟವಿದ್ದರೆ ಬದುಕೀತು. ಅಂಗಡಿಯೊಳಗೆ ಹಾಕುವ ಸಣ್ಣ ಚುಕ್ಕಿಯ ಬಣ್ಣದ ಹಲಗೆಗಳಲ್ಲಿ 16ಕ್ಕೊಂದು, 32ಕ್ಕೊಂದು ಸರದಿ. ಅಲ್ಲಿ ಕಾರ್ಡು ನಿಂತರೆ ಹೊರೆ ಎಷ್ಟು ಪಟ್ಟು ಎಂದು ನೀವೇ ಲೆಕ್ಕ ಹಾಕಿ.

ಇದೇನೂ ಹೊಸ ರೋಗವಲ್ಲ. 1981ರಲ್ಲಿ ಐಬಿಎಂ ಪಿಸಿಯ ಜೊತೆ ಬಂದ ಹಸಿರು ಪರದೆಗೂ ತಪ್ಪು ಲಯದ ಸಿಗ್ನಲ್ ಕೊಟ್ಟರೆ ಕೆಟ್ಟುಹೋಗುವ ಭಯವಿತ್ತು. ಎಲ್‌ಸಿಡಿ ಪರದೆಯ ಕಷ್ಟವೇ ಬೇರೆ. ಅದಕ್ಕೆ ಹಿಂದೆ-ಮುಂದೆ ತಿರುಗುವ ಕರೆಂಟೇ ಆಗಬೇಕು. ತಿರುಗಿಸುವ ಸಿಗ್ನಲ್ ನಿಂತು ಒಂದೇ ದಿಕ್ಕಿನ ವೋಲ್ಟೇಜು ಕೂತರೆ ಒಳಗಿನ ದ್ರವವೇ ಕೆಡುತ್ತದೆ. ಅದನ್ನು ರಿಪೇರಿ ಮಾಡಿಕೊಡುವವರು ಯಾರೂ ಇಲ್ಲ.

ಹಾಗಾದರೆ ಮದ್ದೇನು? ನಮ್ಮ ಬೀದಿಯ ರಾತ್ರಿ ಕಾವಲುಗಾರನನ್ನು ನೆನೆಸಿಕೊಳ್ಳಿ. ಗಳಿಗೆಗೊಮ್ಮೆ ಸೀಟಿ ಕೇಳಿಸುತ್ತಿದ್ದರೆ ನಾವು ಮಲಗುತ್ತೇವೆ. ಸೀಟಿ ನಿಂತರೆ ಎದ್ದು ಕೂರುತ್ತೇವೆ. ಸರದಿಯ ಸಿಗ್ನಲ್‌ಗೆ ಹೀಗೆ ಕಿವಿಗೊಟ್ಟು ಕೂರುವ ಸರ್ಕ್ಯೂಟು ಇದೆ. ಸೆಕೆಂಡಿನ ಸಾವಿರದೊಂದಂಶದ ಲೆಕ್ಕದಲ್ಲಿ ಕಾಯುತ್ತದೆ. ಮುಂದಿನ ಸಿಗ್ನಲ್ ಬರಲಿಲ್ಲವೋ, ಇಡೀ ಬೋರ್ಡನ್ನೇ ಕತ್ತಲು ಮಾಡುತ್ತದೆ. 74123 ಎಂಬ ಹಳೇ ಚಿಪ್ಪೊಂದು ಸಾಕು. ಅದರ ಜೊತೆಗೆ, ಬೆಳಕನ್ನು ಬಿಡುವ-ತಡೆಯುವ ತಂತಿಗೆ ‘ಆರು’ ಎನ್ನುವ ಕಡೆಗೆ ಎಳೆದಿಡುವ ಒಂದು ರೆಸಿಸ್ಟರ್. ಕಾರ್ಡು ಇನ್ನೂ ನಿದ್ದೆಯಿಂದ ಏಳುತ್ತಿರುವಾಗ, ಕೇಬಲ್ ಕಳಚಿದಾಗ ಕಾಯುವುದು ಇದೇ. ಅದರ ಬೆಲೆ ಒಂದೆರಡು ರೂಪಾಯಿ! ಇಷ್ಟಕ್ಕೂ ಜಿಪುಣತನ ಮಾಡುವವರಿದ್ದಾರೆ, ಯಾಕೆಂದರೆ ಕೊಳ್ಳುವವರು ಕೇಳುವುದು ಅಡಿಗೆಷ್ಟು ಅಂತ ಮಾತ್ರ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು ಜೋಡಿಸಿಕೊಡುವವರಿರಲಿ, ಊರಿನ ಡೀಲರೇ ಇರಲಿ, ದುಡ್ಡು ಎಣಿಸುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಬೋರ್ಡು ಉರಿಯುತ್ತಿರುವಾಗ ಕಾರ್ಡಿನ ಕರೆಂಟನ್ನು ಮಾತ್ರ ಅವರ ಕೈಯಲ್ಲೇ ತೆಗೆಸಿ. ಬೋರ್ಡು ಪೂರ್ತಿ ಆರಬೇಕು. ಒಂದು ಸಾಲು ಝಗ್ಗನೆ ಹೊತ್ತಿ ನಿಂತರೆ ಆ ವ್ಯಾಪಾರ ಬೇಡ.

ಬಸ್ಸಿಗೆ ಕಾಯುವವರಿಗೂ ಇದರಲ್ಲಿ ಪಾಲಿದೆ. ಬಸ್ಸಿನ ನೆತ್ತಿಯ ಬೋರ್ಡೂ ಇದೇ ಜಾತಿಯದು. ಸ್ಟಾರ್ಟ್ ಮಾಡುವಾಗಲೆಲ್ಲ ಬ್ಯಾಟರಿ ವೋಲ್ಟೇಜು ಕುಸಿಯುತ್ತದೆ, ಕಾರ್ಡಿಗೆ ಅದೇ ಕಂಟಕ. ನಡುವಿನ ಸಾಲು ಸತ್ತರೆ ದೂರದಿಂದ 8 ಎಂಬುದು 0 ಆಗಿ ಕಾಣುತ್ತದೆ. ಕೆಳಗಿನ ಸಾಲು ಸತ್ತರೆ ಮಂಡ್ಯದ ಒತ್ತು ಅರ್ಧ ಹಾರಿಹೋಗುತ್ತದೆ. ಕನ್ನಡಕದ ಅಜ್ಜ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಗೇಟು ದಾಟಿರುತ್ತದೆ.

ಬೋರ್ಡು ಈಗಾಗಲೇ ಇರುವವರು ಇಷ್ಟು ನೆನಪಿಡಿ. ಅಕ್ಷರವೆಲ್ಲ ಮಾಯವಾಗಿ ಅಡ್ಡಗೆರೆ ಮಾತ್ರ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ ಮೊಬೈಲ್ ಹಿಡಿದು ಅಕ್ಷರ ಬದಲಿಸುತ್ತಾ ಕೂರಬೇಡಿ. ಗಿರಾಕಿ ಎರಡು ನಿಮಿಷ ಕಾಯಲಿ, ಮೊದಲು ಹೋಗಿ ಮೇನ್ ಸ್ವಿಚ್ ಆರಿಸಿ.