ಆಕಾಶದ ಬಣ್ಣಗಳಿಗೆ ಲೆಕ್ಕ ಇಡುವವರು

ವಿಮಾನ ಹತ್ತುವವರು ಕೋಟಿಗಟ್ಟಲೆ ಇದ್ದಾರೆ. ಅದನ್ನು ಕಣ್ತುಂಬ ನೋಡಿ, ಹೆಸರು ಹಿಡಿದು ಕರೆದು, ಅದರ ಮೈಬಣ್ಣ ಬದಲಾದ ದಿನವನ್ನೂ ಬರೆದಿಡುವವರು ಕೆಲವರೇ. ‘ಪ್ಲೇನ್ ಸ್ಪಾಟಿಂಗ್’ ಎಂಬ ಆ ಹವ್ಯಾಸದ ಪರಿಚಯ ಇಲ್ಲಿದೆ.

2019ರ ಫೆಬ್ರುವರಿ 18ರಂದು ಲಂಡನ್ನಿನ ಹೀಥ್ರೂ ನಿಲ್ದಾಣದ ಬೇಲಿಯಾಚೆ ಕ್ಯಾಮೆರಾ, ದುರ್ಬೀನು ಹಿಡಿದವರು ಗುಂಪುಗೂಡಿದ್ದರು. ಅವರು ಕಾಯುತ್ತಿದ್ದುದು ಡಬ್ಲಿನ್‌ನಲ್ಲಿ ಹೊಸ ಬಣ್ಣ ಬಳಿಸಿಕೊಂಡು ಬರುತ್ತಿದ್ದ ಒಂದು ಬೋಯಿಂಗ್ 747ಗಾಗಿ. ಬಣ್ಣ ಹೊಸದಾದರೂ ವಿನ್ಯಾಸ ಹಳೆಯದು. 1974ರಲ್ಲಿ ಬ್ರಿಟಿಷ್ ಏರ್‌ವೇಸ್‌ನಲ್ಲಿ ಲೀನವಾದ ಬಿ.ಒ.ಎ.ಸಿ. ಕಂಪನಿಯ ಕಡುನೀಲಿ ಬಾಲ, ಅದರ ಮೇಲೆ ಚಿನ್ನದ ಬಣ್ಣದ ‘ಸ್ಪೀಡ್‌ಬರ್ಡ್’ ಹಕ್ಕಿ. ನೂರನೇ ವರ್ಷದ ಸಂಭ್ರಮಕ್ಕೆಂದು ಬ್ರಿಟಿಷ್ ಏರ್‌ವೇಸ್ ತನ್ನ ಕೆಲವು ವಿಮಾನಗಳಿಗೆ ಹೀಗೆ ಪೂರ್ವಜರ ಬಣ್ಣ ತೊಡಿಸಿತ್ತು. ಮುಂದಿನ ವರ್ಷವೇ ಕೊರೊನಾ ಬಂದು, 2020ರ ಅಕ್ಟೋಬರ್ ಹೊತ್ತಿಗೆ ಆ ಕಂಪನಿಯ 747ಗಳೆಲ್ಲ ಹೀಥ್ರೂ ಬಿಟ್ಟು ಹೋದವು. ಬೇಲಿಯಾಚೆ ನಿಂತು ತೆಗೆದ ಚಿತ್ರಗಳು ಮಾತ್ರ ಉಳಿದುಕೊಂಡವು.

ವಿಮಾನದ ಹೊರಮೈಯ ಬಣ್ಣ, ಚಿಹ್ನೆ, ಅಕ್ಷರಗಳ ಒಟ್ಟು ವಿನ್ಯಾಸಕ್ಕೆ ಲಿವರಿ ಎನ್ನುತ್ತಾರೆ. ವಿಮಾನಯಾನದ ಜಗತ್ತಿನಲ್ಲಿ ಇಷ್ಟು ದೊಡ್ಡದಾಗಿ ಎದ್ದು ಕಾಣುವ, ಇಷ್ಟು ಬೇಗ ಅಳಿಸಿಹೋಗುವ ವಸ್ತು ಇನ್ನೊಂದಿಲ್ಲ. ಕಂಪನಿ ಮುಚ್ಚಿದರೆ, ಮಾರಾಟವಾದರೆ, ಒಡೆಯ ಬದಲಾದರೆ ಮೊದಲು ಕೆರೆದು ತೆಗೆಯುವುದೇ ಬಣ್ಣವನ್ನು. ಅದರ ನೆನಪನ್ನು ಕಾಪಾಡಿಕೊಂಡು ಬಂದವರು ಸಂಬಳವಿಲ್ಲದೆ ಬಿಸಿಲಲ್ಲಿ ನಿಂತ ಈ ಹವ್ಯಾಸಿಗಳು. ಅವರ ಕೆಲಸಕ್ಕೆ ಸಲ್ಲಬೇಕಾದ ಮರ್ಯಾದೆ ಇನ್ನೂ ಪೂರ್ತಿ ಸಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಯುದ್ಧದಲ್ಲಿ ಹುಟ್ಟಿದ ಕಣ್ಣು

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಅಬ್ಸರ್ವರ್ ಕೋರ್‌ನ ಸ್ವಯಂಸೇವಕರು ಹಗಲಿರುಳು ಆಕಾಶ ಕಾಯುತ್ತಿದ್ದರು. ಬರುತ್ತಿರುವುದು ಸ್ವಂತದ್ದೋ ಶತ್ರುವಿನದೋ ಎಂದು ನೆರಳಿನ ಆಕಾರ ನೋಡಿ ಕ್ಷಣದಲ್ಲಿ ಹೇಳಬೇಕಿತ್ತು. ಈ ವಿದ್ಯೆ ಕಲಿಸಲೆಂದೇ 1941ರಲ್ಲಿ ‘ದಿ ಏರೋಪ್ಲೇನ್ ಸ್ಪಾಟರ್’ ಪತ್ರಿಕೆ ಶುರುವಾಯಿತು. ಯುದ್ಧ ಮುಗಿದರೂ ಪಳಗಿದ ಕಣ್ಣುಗಳು ಸುಮ್ಮನಾಗಲಿಲ್ಲ. ರೈಲು ಎಂಜಿನ್‌ಗಳ ನಂಬರುಗಳ ಕಿರುಪುಸ್ತಕಗಳಿಂದ ಹೆಸರಾದ ಇಯಾನ್ ಅಲನ್ ಪ್ರಕಾಶನ ವಿಮಾನಗಳಿಗೂ ಅಂಥದೇ ಪುಸ್ತಕ ತಂದಿತು. ಹುಡುಗರು ನಿಲ್ದಾಣದ ಬಳಿ ನಿಂತು, ಕಂಡ ನಂಬರಿನ ಕೆಳಗೆ ಗೆರೆ ಎಳೆಯತೊಡಗಿದರು. ಹೀಥ್ರೂವಿನ ಕ್ವೀನ್ಸ್ ಬಿಲ್ಡಿಂಗ್‌ನ ತಾರಸಿಯಲ್ಲಿ ನೋಡುಗರಿಗೆಂದೇ ಜಾಗ ಮಾಡಿಕೊಟ್ಟಿದ್ದರು.

ಇಂದಿಗೂ ಹೀಥ್ರೂ ಪಕ್ಕದ ಮರ್ಟಲ್ ಅವೆನ್ಯೂವಿನ ಪುಟ್ಟ ಹುಲ್ಲುಹಾಸು ಸ್ಪಾಟರ್‌ಗಳ ಯಾತ್ರಾಸ್ಥಳ. ಜಪಾನಿನಲ್ಲಿ ನರಿತಾ ನಿಲ್ದಾಣದ ಪಕ್ಕದ ಸಕುರಾ ನೋ ಯಾಮ ಉದ್ಯಾನ, ಒಸಾಕಾದ ಇತಾಮಿ ರನ್‌ವೇ ತುದಿಯ ಸೆನ್ರಿ ಹೊಳೆಯ ದಂಡೆಗೆ ಸಂಸಾರ ಸಮೇತ ಬಂದು ಕೂರುತ್ತಾರೆ. ಕೆರಿಬಿಯನ್‌ನ ಸೇಂಟ್ ಮಾರ್ಟಿನ್ ದ್ವೀಪದ ಮಾಹೋ ಕಡಲತೀರದಲ್ಲಂತೂ ವಿಮಾನಗಳು ನೆತ್ತಿಯ ಮೇಲೆಯೇ ಇಳಿಯುತ್ತವೆ.

ಗುರುತಿಸುವ ಬಗೆ

ಹೊಸಬರಿಗೆ ವಿಮಾನಗಳೆಲ್ಲ ಒಂದೇ ಥರ ಕಾಣುತ್ತವೆ. ಎಲ್ಲಿ ನೋಡಬೇಕೆಂದು ತಿಳಿದರೆ ವಾರದೊಳಗೆ ಬೇರೆಬೇರೆಯಾಗಿ ಕಾಣತೊಡಗುತ್ತವೆ. ನಮ್ಮಲ್ಲಿ ಹೆಚ್ಚು ಹಾರುವ ಎರಡನ್ನೇ ತೆಗೆದುಕೊಳ್ಳಿ. ಬೋಯಿಂಗ್ 737ರ ಬಾಲ ಬೆನ್ನಿಗೆ ಸೇರುವಲ್ಲಿ ಒಂದು ತ್ರಿಕೋನ ಮುಂದಕ್ಕೆ ಚಾಚಿರುತ್ತದೆ, ಎಂಜಿನ್ನಿನ ಬಾಯಿ ಅಡಿಯಲ್ಲಿ ತುಸು ಚಪ್ಪಟೆ. ಏರ್‌ಬಸ್ ಎ320ರ ಬಾಲ ಆ ತ್ರಿಕೋನವಿಲ್ಲದೆ ನೇರ ಏಳುತ್ತದೆ, ಎಂಜಿನ್ನಿನ ಬಾಯಿ ದುಂಡಗೆ. ಎಂಜಿನ್ನಿನ ಹಿಂಭಾಗದ ಅಂಚು ಗರಗಸದ ಹಲ್ಲಿನಂತಿದ್ದರೆ ಅದು 787 ಇರಬಹುದು. ಕಾಕ್‌ಪಿಟ್ ಕಿಟಕಿಗಳ ಸುತ್ತ ಕಪ್ಪು ಪಟ್ಟಿ ಇದ್ದರೆ ಎ350ಯ ಸೂಚನೆ. ಹೊಟ್ಟೆಯಡಿ ಒಂದೊಂದು ಕಡೆ ಆರಾರು ಚಕ್ರ, ಎರಡೇ ಎಂಜಿನ್ ಇದ್ದರೆ 777 ಎಂದು ಊಹಿಸಬಹುದು.

ಜಾತಿ ತಿಳಿದ ಮೇಲೆ ಹೆಸರು ಹಿಡಿಯುವ ಸರದಿ. ಪ್ರತಿ ವಿಮಾನದ ಹಿಂಭಾಗದಲ್ಲಿ ನೋಂದಣಿ ಅಕ್ಷರಗಳಿರುತ್ತವೆ. ಭಾರತದವು ‘ವಿಟಿ’ಯಿಂದ, ಬ್ರಿಟನ್ನಿನವು ‘ಜಿ’ಯಿಂದ, ಅಮೆರಿಕದವು ‘ಎನ್’ನಿಂದ, ಜಪಾನಿನವು ‘ಜೆಎ’ಯಿಂದ ಶುರು. ವಿಮಾನ ಬೇರೆ ದೇಶಕ್ಕೆ ಮಾರಾಟವಾದರೆ ಈ ಅಕ್ಷರಗಳೂ ಬದಲು. ಕಾರ್ಖಾನೆಯಲ್ಲಿ ಕೊಟ್ಟ ಕ್ರಮಸಂಖ್ಯೆ ಮಾತ್ರ ಕೊನೆತನಕ ಅದೇ. ರಾತ್ರಿಯ ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ವೇಷ ಬದಲಿಸಿ ಬಂದರೂ ಹೆಜ್ಜೆಯಲ್ಲೇ ಗುರುತು ಹಿಡಿಯುವ ಹಳೆಯ ಪ್ರೇಕ್ಷಕನಂತೆ, ಪಳಗಿದ ಸ್ಪಾಟರ್ ಈ ಕ್ರಮಸಂಖ್ಯೆಯ ಜಾಡು ಹಿಡಿದು ಒಂದು ವಿಮಾನದ ಇಡೀ ಬಾಳುವೆಯನ್ನು ಹೇಳಬಲ್ಲ.

ಈಗ ಈ ಕೆಲಸ ಸುಲಭವಾಗಿದೆ. ವಿಮಾನಗಳು ತಮ್ಮ ಗುರುತು, ಎತ್ತರ, ವೇಗಗಳನ್ನು 1090 ಮೆಗಾಹರ್ಟ್ಸ್ ರೇಡಿಯೊ ತರಂಗದಲ್ಲಿ ತಾವೇ ಸಾರುತ್ತ ಹಾರುತ್ತವೆ. ಮನೆಯ ತಾರಸಿಯ ಪುಟ್ಟ ಆಂಟೆನಾಕ್ಕೂ ಅದು ಸಿಗುತ್ತದೆ. ಸ್ವೀಡನ್ನಿನ ಇಬ್ಬರು ಹವ್ಯಾಸಿಗಳು ಇಂಥ ರಿಸೀವರ್‌ಗಳ ಜಾಲ ಕಟ್ಟಲು ಹೊರಟಿದ್ದರಿಂದಲೇ ‘ಫ್ಲೈಟ್‌ರಾಡಾರ್24’ ಹುಟ್ಟಿತು. ಇಂದು ಅದು ನಮ್ಮೆಲ್ಲರ ಮೊಬೈಲಿನಲ್ಲಿದೆ.

ಬಣ್ಣದ ಹಿಂದಿನ ಲೆಕ್ಕಾಚಾರ

ಬಹುತೇಕ ವಿಮಾನಗಳ ಮೈ ಬಿಳಿ ಏಕೆ? ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಬಿರುಕು, ಎಣ್ಣೆ ಸೋರಿಕೆ ಅದರ ಮೇಲೆ ಬೇಗ ಕಾಣುತ್ತವೆ. ಬಾಡಿಗೆಗೆ ಪಡೆದ ವಿಮಾನವನ್ನು ಹಿಂದಿರುಗಿಸುವಾಗ ಬಾಲದ ಬಣ್ಣ, ಹೆಸರು ಅಳಿಸಿದರೆ ಮುಗಿಯಿತು. ಬಣ್ಣಕ್ಕೆ ತೂಕವೂ ಇದೆ. ದೊಡ್ಡ ವಿಮಾನದ ಬಣ್ಣವೇ ನೂರಾರು ಕಿಲೊ ತೂಗುತ್ತದೆ, ಆ ತೂಕವನ್ನು ಹೊತ್ತು ಹಾರಲು ಇಂಧನ ಬೇಕು. ಅಮೆರಿಕನ್ ಏರ್‌ಲೈನ್ಸ್ ದಶಕಗಳ ಕಾಲ ಬಣ್ಣವಿಲ್ಲದ ಅಲ್ಯೂಮಿನಿಯಂ ಮೈಗೆ ಪಾಲಿಶ್ ಹಾಕಿ ಫಳಫಳ ಹಾರಿಸಿತು. 787ರಂಥ ಕಾರ್ಬನ್ ನಾರಿನ ವಿಮಾನಗಳ ಮೈಗೆ ಪಾಲಿಶ್ ನಿಲ್ಲುವುದಿಲ್ಲ. ಅವು ಬರುವ ಹೊತ್ತಿಗೆ, 2013ರಲ್ಲಿ, ಕಂಪನಿ ಆ ಪದ್ಧತಿ ಬಿಟ್ಟು ಬಣ್ಣಕ್ಕೆ ಹೊರಳಿತು.

ಕಾಂಕಾರ್ಡ್‌ನ ಕತೆ ಇನ್ನೂ ಸೋಜಿಗದ್ದು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುವಾಗ ಅದರ ಮೈ ಕಾಯುತ್ತಿತ್ತು, ಶಾಖ ಹೊರಹಾಕಲು ವಿಶೇಷ ಬಿಳಿ ಬಣ್ಣವೇ ಬೇಕಿತ್ತು. 1996ರಲ್ಲಿ ಏರ್ ಫ್ರಾನ್ಸ್‌ನ ಒಂದು ಕಾಂಕಾರ್ಡ್‌ಗೆ ಪೆಪ್ಸಿ ಜಾಹೀರಾತಿಗಾಗಿ ನೀಲಿ ಬಳಿದಾಗ, ಇಂಧನ ತುಂಬಿದ ರೆಕ್ಕೆಗಳನ್ನು ಬಿಳಿಯಾಗಿಯೇ ಬಿಟ್ಟರು. ಪೂರ್ಣ ವೇಗದಲ್ಲಿ ಒಮ್ಮೆಗೆ 20 ನಿಮಿಷಕ್ಕಿಂತ ಹೆಚ್ಚು ಹಾರಕೂಡದೆಂಬ ಮಿತಿ ಹಾಕಿದರು.

ಬಣ್ಣ ದೇಶದ ಮಾನದ ಪ್ರಶ್ನೆಯೂ ಆಗಬಲ್ಲದು. 1997ರಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ಬಾಲಗಳಿಂದ ರಾಷ್ಟ್ರಧ್ವಜ ತೆಗೆದು ಜಗತ್ತಿನ ನಾನಾ ಜನಾಂಗಗಳ ಕಲೆ ಬಿಡಿಸಿತು. ಅದರ ಪುಟ್ಟ ಮಾದರಿಯನ್ನು ಕಂಡ ಮಾರ್ಗರೆಟ್ ಥ್ಯಾಚರ್ ಸಿಟ್ಟಿನಿಂದ ಬಾಲಕ್ಕೆ ಕರವಸ್ತ್ರ ಸುತ್ತಿಬಿಟ್ಟರು. ಕೆಲವೇ ವರ್ಷಗಳಲ್ಲಿ ಧ್ವಜ ಮರಳಿತು. ಮರೆಯಾದ ಆ ಚಿತ್ತಾರಗಳನ್ನು ಒಂದೊಂದಾಗಿ ಹುಡುಕಿ ಸೆರೆಹಿಡಿದವರು ಸ್ಪಾಟರ್‌ಗಳು.

ಕಿಟಕಿಗೆ ಕಮಾನು ಕಟ್ಟಿದ ಕಾಲ

ಲಿವರಿಯ ಚರಿತ್ರೆಯಲ್ಲಿ ಭಾರತಕ್ಕೆ ಹೆಮ್ಮೆಯ ಜಾಗವಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಆ ಕಂಪನಿಯೇ ಮುಂದೆ ಏರ್ ಇಂಡಿಯಾ ಆಯಿತು. 1946ರಲ್ಲಿ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಸೇರಿ ಅದರ ಲಾಂಛನಪುರುಷ ‘ಮಹಾರಾಜ’ನನ್ನು ಸೃಷ್ಟಿಸಿದರು. 1971ರಲ್ಲಿ ಮೊದಲ 747 ‘ಎಂಪರರ್ ಅಶೋಕ’ ಬಂದಾಗ ಪ್ರತಿ ಕಿಟಕಿಯ ಸುತ್ತ ರಾಜಸ್ಥಾನಿ ಝರೋಕಾದ ಕೆಂಪು ಕಮಾನು ಬಿಡಿಸಿದ್ದರು. ಆಕಾಶದಲ್ಲೊಂದು ಅರಮನೆ ಎಂದು ಜಾಹೀರಾತು ಸಾರಿತು, ನೋಡಿದವರು ಒಪ್ಪಿದರು. ಆ ಸರಣಿಯ 747ಗಳಿಗೆಲ್ಲ ಚಕ್ರವರ್ತಿಗಳ ಹೆಸರು. ವಿಟಿ-ಇಎಫ್‌ಯು ನೋಂದಣಿಯ ವಿಮಾನ ನಮ್ಮ ಕೃಷ್ಣದೇವರಾಯನ ಹೆಸರು ಹೊತ್ತಿತ್ತು.

ಆಮೇಲೆ ಅಳಿದ ಬಣ್ಣಗಳ ಪಟ್ಟಿ ಉದ್ದವಿದೆ. ಇಂಡಿಯನ್ ಏರ್‌ಲೈನ್ಸ್ 2005ರಲ್ಲಿ ‘ಇಂಡಿಯನ್’ ಎಂದಾಗಿ ಕೊನಾರ್ಕ್ ಚಕ್ರದ ತುಣುಕನ್ನು ಬಾಲಕ್ಕೆ ಬಳಿದುಕೊಂಡಿತು. ಬೆನ್ನಲ್ಲೇ ಏರ್ ಇಂಡಿಯಾದಲ್ಲಿ ಕರಗಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಕಟ್ಟಿದ ಏರ್ ಡೆಕ್ಕನ್‌ಗೆ, ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಲಾಂಛನಪುರುಷ. ಕಡಿಮೆ ದರದ ಟಿಕೆಟ್ ಯಾರಿಗಾಗಿ ಎಂದು ಆತನ ಚೌಕಳಿ ಕೋಟೇ ಹೇಳುತ್ತಿತ್ತು. ಅದು ಕಿಂಗ್‌ಫಿಶರ್ ಪಾಲಾಯಿತು. ಕಿಂಗ್‌ಫಿಶರ್‌ನ ಕೆಂಪು 2012ರಲ್ಲಿ ನೆಲಕ್ಕಿಳಿಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತವು. 2024ರ ನವೆಂಬರ್ 12ರಂದು ಬದನೆಕಾಯಿ ಬಣ್ಣದ ಬಾಲದ ವಿಸ್ತಾರಾ, ಏರ್ ಇಂಡಿಯಾದಲ್ಲಿ ಸೇರಿತು. ಆ ಬದನೆ ಬಣ್ಣ, ಕೆಂಪು ಮತ್ತು ಬಂಗಾರದ ಜೊತೆ ಏರ್ ಇಂಡಿಯಾದ ಹೊಸ ಲಿವರಿಯಲ್ಲೂ ಇದೆ. ಆ ಲಿವರಿ ತೊಟ್ಟ ಎ350 ಪ್ರಯಾಣಿಕರನ್ನು ಹೊತ್ತು ಮೊದಲು ಹಾರಿದ್ದು 2024ರ ಜನವರಿ 22ರಂದು, ಬೆಂಗಳೂರು ಮುಂಬಯಿ ನಡುವೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಹೊಸ ಬಾಲಗಳ ಮೇಲೆ ಬಾಂಧನಿ, ಅಜ್ರಖ್, ಕಲಂಕಾರಿಯಂಥ ನಮ್ಮ ಬಟ್ಟೆಗಳ ವಿನ್ಯಾಸಗಳಿವೆ. ಯಾವ ಬಾಲಕ್ಕೆ ಯಾವ ಬಟ್ಟೆ ಎಂದು ಪಟ್ಟಿ ಮಾಡುವುದೇ ಒಂದು ಸಂತೋಷ.

ಬೆಂಗಳೂರಿನಲ್ಲಿ ಹೇಗೆ?

ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಹಾಗಾಗಿ ನೈಋತ್ಯ ಮಾರುತದ ತಿಂಗಳುಗಳಲ್ಲಿ ಹೆಚ್ಚಾಗಿ ಪೂರ್ವದ ಕಡೆಯಿಂದ ಬಂದಿಳಿಯುತ್ತವೆ. ಚಳಿಗಾಲದ ಮೂಡಗಾಳಿಗೆ ಪಶ್ಚಿಮದಿಂದ, ಬಳ್ಳಾರಿ ರಸ್ತೆ ದಾಟಿ ಇಳಿಯುತ್ತವೆ. ವರ್ಷದ ಹೆಚ್ಚು ದಿನ ಬಿಸಿಲು ದಕ್ಷಿಣದಿಂದ ಬೀಳುವುದರಿಂದ, ರನ್‌ವೇಯ ದಕ್ಷಿಣಕ್ಕೆ ನಿಂತವರಿಗೆ ಬೆಳಕು ಬೆನ್ನ ಹಿಂದಿರುತ್ತದೆ. ನಡುಹಗಲಿನಲ್ಲಿ ಕಾದ ನೆಲದ ಮೇಲಿನ ಗಾಳಿ ನಡುಗಿ ಚಿತ್ರ ಮಸುಕಾಗುವುದರಿಂದ ಬೆಳಗ್ಗೆ, ಸಂಜೆಯೇ ಒಳ್ಳೆಯದು. ಜೆಟ್‌ಗೆ ಸೆಕೆಂಡಿನ ಸಾವಿರದ ಒಂದು ಭಾಗದ ಶಟರ್ ವೇಗ ಸರಿ. ಎಟಿಆರ್‌ನಂಥ ಪ್ರೊಪೆಲರ್ ವಿಮಾನಕ್ಕೆ ಇನ್ನೂರರ ಒಂದು ಭಾಗದ ಆಸುಪಾಸಿಗೆ ಇಳಿಸಬೇಕು. ಇಲ್ಲವಾದರೆ ತಿರುಗುವ ಪ್ರೊಪೆಲರ್ ನಿಂತೇಹೋದಂತೆ ಕಾಣುತ್ತದೆ. ದೊಡ್ಡ ವಿಮಾನದ ಆಸೆಯುಳ್ಳವರಿಗೆ, 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್‌ನ ಎರಡಂತಸ್ತಿನ ಎ380 ಇಲ್ಲಿಗೆ ಬರತೊಡಗಿದೆ.

ಒಂದು ಎಚ್ಚರಿಕೆ ಮಾತ್ರ ತಪ್ಪಕೂಡದು. 2001ರ ನವೆಂಬರ್‌ನಲ್ಲಿ ಗ್ರೀಸಿನ ಕಲಮಾಟಾ ವಾಯುನೆಲೆಯಲ್ಲಿ ನಂಬರು ಬರೆದುಕೊಳ್ಳುತ್ತಿದ್ದ 12 ಬ್ರಿಟಿಷರು, ಇಬ್ಬರು ಡಚ್ಚರು ಗೂಢಚಾರರೆಂಬ ಗುಮಾನಿಯಲ್ಲಿ ಬಂಧಿತರಾದರು. ಶಿಕ್ಷೆಯೂ ಆಯಿತು, ಖುಲಾಸೆಗೆ ಒಂದು ವರ್ಷ ಹಿಡಿಯಿತು. ನಮ್ಮಲ್ಲೂ 1937ರ ವಿಮಾನ ನಿಯಮಗಳು ನಿಲ್ದಾಣದೊಳಗಿನ ಛಾಯಾಗ್ರಹಣಕ್ಕೆ ಅನುಮತಿ ಬೇಕೆಂದು ಹೇಳಿವೆ. ಎಚ್‌ಎಎಲ್, ಯಲಹಂಕ, ಬೀದರ್, ಬೆಳಗಾವಿಯ ಸಾಂಬ್ರಾ ರಕ್ಷಣಾ ನಂಟಿನ ನೆಲೆಗಳು. ಅಲ್ಲಿ ಬೇಲಿಯತ್ತ ಕ್ಯಾಮೆರಾ ಎತ್ತಲೇಬಾರದು. ಯುದ್ಧವಿಮಾನ ನೋಡುವ ಆಸೆಗೆ ಯಲಹಂಕದ ಏರೋ ಇಂಡಿಯಾ ಪ್ರದರ್ಶನವಿದೆ. ಉಳಿದ ಕಡೆ ಸಾರ್ವಜನಿಕ ರಸ್ತೆಯಲ್ಲೇ ನಿಲ್ಲಿ, ಪೊಲೀಸರು ಕೇಳಿದರೆ ಏನು ಮಾಡುತ್ತಿದ್ದೀರೆಂದು ನೇರವಾಗಿ ಹೇಳಿ, ಹೊರಡಿ ಎಂದರೆ ಹೊರಡಿ. ಒಬ್ಬರ ಉದ್ಧಟತನ ಎಲ್ಲರ ಜಾಗವನ್ನೂ ಕಳೆಯುತ್ತದೆ.

ಶುರು ಮಾಡಲು ದುಬಾರಿ ಲೆನ್ಸ್ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ದಿನಾಂಕ, ಜಾಗ, ಕಂಪನಿ, ವಿಮಾನದ ಜಾತಿ, ನೋಂದಣಿ, ಲಿವರಿ ಇಷ್ಟನ್ನು ಬರೆಯಿರಿ. ಚಿತ್ರ ತೆಗೆದರೆ ಅದರ ಜೊತೆಗೂ ಇವೇ ವಿವರ ಇರಲಿ. ವಿವರವಿಲ್ಲದ ಚಿತ್ರ ಇಪ್ಪತ್ತು ವರ್ಷದ ಮೇಲೆ ಯಾರಿಗೂ ಏನೂ ಹೇಳುವುದಿಲ್ಲ. ಎಚ್‌ಎಎಲ್ ನಿಲ್ದಾಣದ ಕಾಲದಲ್ಲಿ ಏರ್ ಡೆಕ್ಕನ್‌ನ, ಇಂಡಿಯನ್ ಏರ್‌ಲೈನ್ಸ್‌ನ ವಿಮಾನಗಳನ್ನು ಕ್ಯಾಮೆರಾದಲ್ಲಿ ಹಿಡಿದವರು ನಿಮ್ಮ ಮನೆಯಲ್ಲೇ ಇದ್ದಾರು. ಹಳೆಯ ಆಲ್ಬಂ ತೆಗೆಸಿ, ಚಿತ್ರದ ಬೆನ್ನಿಗೆ ವರ್ಷ, ಜಾಗ ಬರೆಸಿಕೊಳ್ಳಿ. ಕನ್ನಡನಾಡಿನ ವಿಮಾನಯಾನದ ಚರಿತ್ರೆ ಬರೆಯುವವರಿಗೆ ಮುಂದೊಂದು ದಿನ ಬೇಕಾಗುವುದು ಅವೇ.