ಮೇಲೆ ಮೂರು ಇಟ್ಟಿಗೆ, ಕೆಳಗೆ ಮುನ್ನೂರು

ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಮನೆ ಕಟ್ಟೋದು ಮಕ್ಕಳಾಟ ಅಂತ ನೀವು ಅಂದುಕೊಂಡಿದ್ದರೆ, ಮೊದಲು ಒಂದು ಲೆಕ್ಕ ಕೇಳಿ. ಮೇಲೆ ಎಂಟು ಗುಬಟು ಇರುವ ಲೆಗೋ ಇಟ್ಟಿಗೆ ಗೊತ್ತಲ್ಲ, ಒಂದೇ ಬಣ್ಣದ ಅಂಥ ಎರಡು ಇಟ್ಟಿಗೆಯನ್ನು ಎಷ್ಟು ಥರ ಜೋಡಿಸಬಹುದು? 24 ಥರ. ಮೂರು ಇಟ್ಟಿಗೆ ಕೊಟ್ಟರೆ 1,060 ಥರ. ಆರು ಕೊಟ್ಟರೆ? 91 ಕೋಟಿ 51 ಲಕ್ಷ 3 ಸಾವಿರದ 765 ಥರ! ಅಂಗೈಯಲ್ಲಿ ಹಿಡಿಯುವ ಆರು ಇಟ್ಟಿಗೆ ಸ್ವಾಮಿ, ಅದರೊಳಗೆ ಇಷ್ಟು ದೊಡ್ಡ ಲೋಕ ಇದೆ. ಹಾಗಾಗಿಯೇ ಜಗತ್ತಿನಾದ್ಯಂತ ಮೀಸೆ ನರೆತವರು, ಇಂಜಿನಿಯರುಗಳು, ವಾಸ್ತುಶಿಲ್ಪಿಗಳು ಈ ಆಟಿಕೆ ಹಿಡಿದು ಕೂತಿದ್ದಾರೆ. ಕಟ್ಟುತ್ತಿರೋದು ಏನು? ತಾಜ್‌ಮಹಲು, ಗಗನಚುಂಬಿಗಳು, ಸೇತುವೆಗಳು, ತಾವು ಹುಟ್ಟಿದ ಬೀದಿಗಳು.

ಇವತ್ತು ನಾನು ಕೇಳುವ ಪ್ರಶ್ನೆ ಬೇರೆ. ಇದೇ ಇಟ್ಟಿಗೆಯಲ್ಲಿ ನಮ್ಮ ಕೋಲಾರದ ನಂದಿದುರ್ಗವನ್ನು ಕಟ್ಟಿದರೆ ಹೇಗಿರುತ್ತೆ?

ನಂದಿದುರ್ಗ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬೆಟ್ಟ, ಮಂಜು, ಭಾನುವಾರ ಬೆಳಗಿನ ಬೈಕುಗಳು ಬಂದವಾ? ಅದು ಚಿಕ್ಕಬಳ್ಳಾಪುರದ ನಂದಿ. ನಾನು ಹೇಳ್ತಿರೋದು ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲು ಹತ್ತಿದರೆ ಸಿಗುವ ಚಿನ್ನದ ಗಣಿಯ ನಂದಿದುರ್ಗ. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ, ಬಾಲಘಾಟ್: ಕೆಜಿಎಫ್‌ನ ಐದು ದೊಡ್ಡ ಗಣಿಗಳ ಹೆಸರು ಇವು. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ನೆಲ ಬಗೆಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಈ ಗಣಿಗಳಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದರ ನಂತರ, 1905ರಲ್ಲಿ. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. ಒಟ್ಟು ಸುಮಾರು 800 ಟನ್ ಚಿನ್ನ ತೆಗೆದ ಮೇಲೆ 2001ರ ಫೆಬ್ರವರಿ 28ಕ್ಕೆ ಬಾಗಿಲು ಬಿತ್ತು.

ಈಗ ಅಲ್ಲಿ ಏನಿದೆ? ಶಾಫ್ಟುಗಳ ಮೇಲೆ ತುಕ್ಕು ಹಿಡಿದ ಹೆಡ್‌ಗೇರುಗಳು, ಸೈನೈಡ್ ಗುಡ್ಡಗಳು, ಸಾಲು ಸಾಲು ಲೈನ್ ಮನೆಗಳು. 2018ರಲ್ಲಿ ಸಿನಿಮಾ ಬಂದ ಮೇಲೆ ದೇಶಕ್ಕೆಲ್ಲ ಕೆಜಿಎಫ್ ಅನ್ನೋ ಮೂರಕ್ಷರ ಬಾಯಿಪಾಠ ಆಯ್ತು. ಆದರೆ ದೇಶ ನೋಡಿದ್ದು ಸೆಟ್ ಹಾಕಿದ ಕೆಜಿಎಫ್. ನಿಜವಾದ ಕೆಜಿಎಫ್‌ನ ಮುಕ್ಕಾಲು ಪಾಲು ನೆಲದ ಕೆಳಗಿದೆ, ಅಲ್ಲಿಗೆ ಇನ್ನು ಯಾರೂ ಇಳಿಯೋ ಹಾಗಿಲ್ಲ. ಗಣಿ ಮುಚ್ಚಿದಾಗ ಮೂವತ್ತು ವರ್ಷ ಆಗಿದ್ದ ಕಾರ್ಮಿಕನಿಗೆ ಈಗ ಐವತ್ತು ದಾಟಿದೆ. ಕೆಳಗೆ ಏನಿತ್ತು ಅಂತ ಕಣ್ಣಾರೆ ಕಂಡು ಹೇಳಬಲ್ಲವರು ವರ್ಷ ವರ್ಷ ಕಡಿಮೆ ಆಗ್ತಿದ್ದಾರೆ. ಆಟಿಕೆ ಇಟ್ಟಿಗೆಯ ಮಾತು ಇಲ್ಲಿಗೆ ಯಾಕೆ ಬಂತು ಅಂತ ಈಗ ಹೊಳೀತಾ?

ಮೊದಲು ಈ ಇಟ್ಟಿಗೆಯ ಗುಟ್ಟು ತಿಳ್ಕೊಳ್ಳೋಣ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಪುಟ್ಟ ಊರಲ್ಲಿ ಓಲೆ ಕಿರ್ಕ್ ಅನ್ನೋ ಬಡಗಿ ಇದ್ದ. ನಮ್ಮ ಚನ್ನಪಟ್ಟಣದವರ ಹಾಗೆ ಮರದ ಆಟಿಕೆ ಮಾಡ್ತಿದ್ದ. 1949ರಲ್ಲಿ ಅವನ ಕಂಪನಿ ಪ್ಲಾಸ್ಟಿಕ್ ಇಟ್ಟಿಗೆಗೆ ಕೈ ಹಾಕಿತು. ಆ ಆಲೋಚನೆ ಪೂರ್ತಿ ಅವರದ್ದೂ ಅಲ್ಲ. ಬ್ರಿಟನ್ನಿನಲ್ಲಿ ಹಿಲರಿ ಫಿಶರ್ ಪೇಜ್ ಅನ್ನುವವನು ಅಂಥದ್ದನ್ನು ಮೊದಲೇ ಮಾರುತ್ತಿದ್ದ. ಆಗಿನ ಇಟ್ಟಿಗೆ ಒಳಗೆ ಟೊಳ್ಳು. ಜೋಡಿಸಿದರೆ ನಿಲ್ಲುತ್ತೆ, ಎತ್ತಿದರೆ ಕಳಚಿ ಬೀಳುತ್ತೆ. ಓಲೆಯ ಮಗ ಗಾಟ್‌ಫ್ರೆಡ್ ಕಾಲದಲ್ಲಿ ಇದಕ್ಕೆ ಪರಿಹಾರ ಸಿಕ್ಕಿತು: ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆ. ಕೆಳಗಿನ ಇಟ್ಟಿಗೆಯ ಗುಬಟು ಮೇಲಿನದರ ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತೆ. ಗಾರೆ ಬೇಡ, ಅಂಟು ಬೇಡ. ದೊಡ್ಡವರು ಎತ್ತಿದರೂ ಬೀಳಲ್ಲ, ಮಗು ಎಳೆದರೆ ಬಿಡಿಸಿಕೊಳ್ಳುತ್ತೆ. 1958ರ ಜನವರಿ 28ಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಆ ವರ್ಷದ ಇಟ್ಟಿಗೆ ಇವತ್ತಿನ ಇಟ್ಟಿಗೆಗೂ ಕೂರುತ್ತೆ.

ಮಕ್ಕಳ ಈ ಸಾಮಾನು ವಾಸ್ತುಶಿಲ್ಪಕ್ಕೆ ಬಂದದ್ದು ಹೇಗೆ? ಗಾಟ್‌ಫ್ರೆಡ್ ತನ್ನ ಮನೆಯ ನಕ್ಷೆಯನ್ನೇ ಇಟ್ಟಿಗೆಯಲ್ಲಿ ಕಟ್ಟಿ ನೋಡೋಕೆ ಹೊರಟ. ಅಲ್ಲಿ ಒಂದು ತೊಡಕು. ಒಂದು ಗುಬಟಿನಿಂದ ಇನ್ನೊಂದಕ್ಕೆ ದೂರ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಅಗಲಕ್ಕೂ ಎತ್ತರಕ್ಕೂ ಲೆಕ್ಕ ಸರಿಹೋಗಲ್ಲ, 5ಕ್ಕೆ 6ರ ಹಾಗೆ ನಿಲ್ಲುತ್ತೆ. ಅದಕ್ಕೇ 1963ರಲ್ಲಿ ಮಾಡ್ಯುಲೆಕ್ಸ್ ಅಂತ ಬೇರೆ ಇಟ್ಟಿಗೆ ತಂದರು. ಅದರ ಅಳತೆಯ ಮೂಲ 5 ಮಿಲಿಮೀಟರ್. ಇಪ್ಪತ್ತು ಪಟ್ಟು ಹಿಗ್ಗಿಸಿದರೆ ಸರಿಯಾಗಿ 10 ಸೆಂಟಿಮೀಟರ್. ಕಟ್ಟಡದವರ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗೆ!

ಹವ್ಯಾಸಿಗಳು ಮಾತ್ರ ಹಳೇ ಇಟ್ಟಿಗೆಯನ್ನೇ ಹಿಡಿದು, ಆ ತೊಡಕಿನಲ್ಲೇ ದಾರಿ ಕಂಡುಕೊಂಡರು. ತೆಳುವಾದ ಬಿಲ್ಲೆ ಇರುತ್ತಲ್ಲ, ಮೂರು ಬಿಲ್ಲೆ ಸೇರಿದರೆ ಒಂದು ಇಟ್ಟಿಗೆ ಎತ್ತರ. ಐದು ಬಿಲ್ಲೆ ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಗುಬಟಿನ ಅಗಲ. ಈ ಲೆಕ್ಕ ಗೊತ್ತಿದ್ದವನು ಇಟ್ಟಿಗೆಯನ್ನು ಅಡ್ಡ ಮಲಗಿಸಿಯೂ ಕಟ್ಟುತ್ತಾನೆ. ಕಿಟಕಿಯ ಕಮಾನು, ಕಂಬದ ಗೆರೆ, ಚಾವಣಿಯ ಓರೆ ಎಲ್ಲ ಅಲ್ಲಿಂದಲೇ ಬರೋದು. ಷಿಕಾಗೋದ ವಾಸ್ತುಶಿಲ್ಪಿ ಆಡಂ ರೀಡ್ ಟಕ್ಕರ್ ಹೀಗೆ ಗಗನಚುಂಬಿಗಳನ್ನು ಕಟ್ಟುತ್ತಿದ್ದವರು. 2008ರಲ್ಲಿ ಕಂಪನಿ ಅವರ ಜೊತೆ ಸೇರಿ ವಾಸ್ತುಶಿಲ್ಪದ್ದೇ ಒಂದು ಸರಣಿ ಶುರು ಮಾಡಿತು. ಅದೇ ವರ್ಷ 5,922 ತುಂಡುಗಳ ತಾಜ್‌ಮಹಲ್ ಸೆಟ್ಟೂ ಬಂತು.

"ಇದೆಲ್ಲ ಪರದೇಶದ ಶೋಕಿ" ಅಂತೀರಾ? ಬೇಲೂರಿಗೆ ಹೋಗಿ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮೂಲ ಶಿಖರ ಇವತ್ತು ಇಲ್ಲ. ಆದರೆ ಬಾಗಿಲ ಮೆಟ್ಟಿಲುಗಳ ಅಕ್ಕಪಕ್ಕ ಪುಟ್ಟ ಪುಟ್ಟ ಗುಡಿಗಳಿವೆ, ಅವುಗಳಿಗೆ ಶಿಖರವೂ ಇದೆ, ಭೂಮಿಜ ಅನ್ನೋ ಶೈಲಿಯದ್ದು. ಹೊಯ್ಸಳ ಗುಡಿಗಳನ್ನು ಅಧ್ಯಯನ ಮಾಡಿದ ಗೆರಾರ್ಡ್ ಫೂಕೆಮಾ, ಕಳೆದುಹೋದ ದೊಡ್ಡ ಶಿಖರವೂ ಭೂಮಿಜ ಶೈಲಿಯದ್ದೇ ಇದ್ದಿರಬಹುದು ಅಂತ ಹೇಳುತ್ತಾರೆ. ದೊಡ್ಡದು ಹೋಯ್ತು, ಚಿಕ್ಕದು ಉಳೀತು. ಎಂಟುನೂರು ಚಿಲ್ಲರೆ ವರ್ಷದ ನಂತರ ದೊಡ್ಡದರ ಬಗ್ಗೆ ಯೋಚನೆ ಮಾಡೋಕೆ ಚಿಕ್ಕದು ಆಧಾರ ಆಯ್ತು. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಗೋಡೆಯ ಮೇಲೂ ಇಂಥ ಕಿರುಶಿಖರಗಳಿವೆ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಕೆಳಗೆ ಪಾರ್ಕು, ಕೆರೆ ಮಾಡ್ತಾರೆ. ಬೆಳಗಾವಿಯಲ್ಲಿ ದೀಪಾವಳಿಗೆ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ. ದೊಡ್ಡದನ್ನು ಕಿರಿದು ಮಾಡಿ ಅಂಗೈಗೆ ತಂದುಕೊಳ್ಳುವ ಆಸೆ ನಮ್ಮ ನೆಲದ್ದೇ.

ಈಗ ಬನ್ನಿ, ಗಣಿ ಕಟ್ಟೋಣ. ಕೆಜಿಎಫ್‌ನ ಅತಿ ಆಳ ಚಾಂಪಿಯನ್ ರೀಫ್‌ನಲ್ಲಿ, ಸುಮಾರು 3,200 ಮೀಟರ್. ಒಂದೇ ನೇರ ಬಾವಿ ಅಂದ್ಕೋಬೇಡಿ, ಹಂತ ಹಂತವಾಗಿ ಇಳಿದದ್ದು. ಕೆಳಗೆ ಬಂಡೆಯ ಬಿಸಿಯೇ 60 ಡಿಗ್ರಿ ದಾಟುತ್ತಿತ್ತು. ಇದನ್ನು ಲೆಗೋದ ಪುಟ್ಟ ಗೊಂಬೆಯ ಅಳತೆಗೆ ಕಟ್ಟಬೇಕು ಅಂದ್ಕೊಳ್ಳಿ. ಗೊಂಬೆ ಸುಮಾರು 4 ಸೆಂಟಿಮೀಟರ್, ಅಂದರೆ ಮನುಷ್ಯನ 42ನೇ ಒಂದು ಭಾಗ. ಆ ಲೆಕ್ಕದಲ್ಲಿ ನಿಮ್ಮ ಮಾದರಿಯ ಎತ್ತರ 75 ಮೀಟರ್ ದಾಟುತ್ತೆ. ಕುತುಬ್ ಮಿನಾರ್ ಎಷ್ಟು? ಸುಮಾರು 73 ಮೀಟರ್! ಆಟಿಕೆಯ ಅಳತೆಯಲ್ಲೂ ನಮ್ಮ ಗಣಿ ಕುತುಬ್ ಮಿನಾರನ್ನು ಮೀರಿಸುತ್ತೆ.

ಸರಿ, ಇನ್ನೂ ಕಿರಿದು ಮಾಡೋಣ. ಸಾವಿರಕ್ಕೆ ಒಂದು. ಆಗ 3,200 ಮೀಟರ್ ಅನ್ನೋದು 3.2 ಮೀಟರ್ ಆಗುತ್ತೆ, ಇಟ್ಟಿಗೆ ಲೆಕ್ಕದಲ್ಲಿ 333. ಮೇಲಿನ ಹೆಡ್‌ಗೇರ್ 30 ಮೀಟರ್ ಅಂತ ಇಟ್ಕೊಂಡರೆ ಅದು 3 ಸೆಂಟಿಮೀಟರ್, ಮೂರೇ ಇಟ್ಟಿಗೆ. ನೋಡಿ, ರಸ್ತೆಯಲ್ಲಿ ನಿಂತು ನಾವು ಫೋಟೋ ತೆಗೆದುಕೊಳ್ಳುವುದು ಆ ಮೂರು ಇಟ್ಟಿಗೆಯನ್ನು. ಉಳಿದ 333 ಇಟ್ಟಿಗೆ ನಮ್ಮ ಕಾಲ ಕೆಳಗೆ. ಮತ್ತೆ ಮನುಷ್ಯ? ಐದೂವರೆ ಅಡಿಯ ಕಾರ್ಮಿಕ ಈ ಅಳತೆಯಲ್ಲಿ 1.7 ಮಿಲಿಮೀಟರ್. ಹೆಚ್ಚುಕಡಿಮೆ ಇಟ್ಟಿಗೆಯ ಮೇಲಿನ ಗುಬಟಿನಷ್ಟೇ ಎತ್ತರ. ಮುನ್ನೂರು ಇಟ್ಟಿಗೆ ಆಳದಲ್ಲಿ ಒಂದು ಗುಬಟು. ಬಂಡೆ ಸಿಡಿದರೆ ಆ ಗುಬಟು ಎಲ್ಲಿಗೆ ಓಡಬೇಕು, ಹೇಳಿ? ನೂರು ಭಾಷಣ ಹೇಳದ್ದನ್ನು ಈ ಅಳತೆ ಹೇಳಿಬಿಡುತ್ತೆ.

ಇಲ್ಲೇ ನನಗೊಂದು ಆತಂಕವೂ ಇದೆ. ಕೆಜಿಎಫ್‌ಗೆ ಪುಟ್ಟ ಇಂಗ್ಲೆಂಡ್ ಅಂತ ಹೆಸರಿತ್ತು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಮಾದರಿ ಕಟ್ಟುವವರ ಕಣ್ಣು ಮೊದಲು ಹೋಗೋದು ಇಂಥ ಚೆಂದದ ಕಟ್ಟಡಗಳ ಕಡೆಗೇ. ಕಾರ್ಮಿಕರ ಲೈನ್ ಮನೆಯನ್ನು ಯಾರು ಕಟ್ಟುತ್ತಾರೆ? ತಮಿಳುನಾಡಿನ ಆರ್ಕಾಟ್ ಕಡೆಯಿಂದ, ಆಂಧ್ರದಿಂದ ಬಂದು ಚಿನ್ನ ತೆಗೆದವರು ಬದುಕಿದ್ದು ಆ ಲೈನುಗಳಲ್ಲಿ. ಬಂಗಲೆ ಮಾತ್ರ ಉಳಿದು ಲೈನ್ ಮನೆ ಮರೆತುಹೋದರೆ, ಮುಂದಿನವರಿಗೆ ಸಿಗೋದು ಅರ್ಧ ಕಥೆ. ಅದೂ ಸುಲಭದ ಅರ್ಧ.

ಹಾಗಾಗಿ ಕೆಜಿಎಫ್, ಬಂಗಾರಪೇಟೆಯ ಮೇಷ್ಟ್ರುಗಳಿಗೆ, ಮಕ್ಕಳಿಗೆ ನನ್ನದೊಂದು ಸಲಹೆ. ಒಂದು ಲೈನ್ ಮನೆಯಿಂದ ಶುರು ಮಾಡಿ. ಅಳತೆ ಐವತ್ತಕ್ಕೆ ಒಂದು ಇಟ್ಕೊಳ್ಳಿ. ಆಗ ಒಂದು ಗುಬಟು ಅಂದರೆ 40 ಸೆಂಟಿಮೀಟರ್, ಒಂದು ಇಟ್ಟಿಗೆಯ ಎತ್ತರ 48 ಸೆಂಟಿಮೀಟರ್. ಬಾಗಿಲು ಎರಡು ಗುಬಟು ಅಗಲ, ನಾಲ್ಕು ಇಟ್ಟಿಗೆ ಎತ್ತರ. ಐದು ಇಟ್ಟಿಗೆ ಏರಿಸಿದರೆ 2.4 ಮೀಟರಿನ ಗೋಡೆ. ಒಂದು ಮನೆ ಆಯ್ತಾ? ಪಕ್ಕಕ್ಕೆ ಅಂಥದ್ದೇ ಇನ್ನೊಂದು, ಮತ್ತೊಂದು. ಟೇಪು ಹಿಡಿದು ಅಳೆಯೋಕೆ ಹೋದಾಗ ಮನೆಯ ತಾತನ ಹತ್ತಿರ ಕೂರಲೇಬೇಕಾಗುತ್ತೆ. "ಇಲ್ಲಿ ಮೊದಲು ಒಲೆ ಇತ್ತಾ ತಾತ? ಎಷ್ಟು ಜನ ಮಲಗ್ತಿದ್ರಿ? ಶಿಫ್ಟಿಗೆ ಎಷ್ಟು ಗಂಟೆಗೆ ಹೊರಡ್ತಿದ್ರಿ?" ಈ ಪ್ರಶ್ನೆ ಕೇಳಿಸೋದೇ ಮಾದರಿಯ ದೊಡ್ಡ ಕೆಲಸ. ಅಂದಾಜಿನಲ್ಲಿ ಕಥೆ ಬರೆಯಬಹುದು, ಅಂದಾಜಿನಲ್ಲಿ ಇಟ್ಟಿಗೆ ಕೂರಲ್ಲ.

"ದುಡ್ಡು ಎಲ್ಲಿಂದ ತರೋಣ ಸಾರ್?" ನ್ಯಾಯವಾದ ಪ್ರಶ್ನೆ. ಆಟಿಕೆಗಳ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70 ಪರ್ಸೆಂಟಿಗೆ ಏರಿತು. ನಮ್ಮ ಆಟಿಕೆ ಉದ್ಯಮ ಬೆಳೀಲಿ ಅಂತ ಮಾಡಿದ್ದು, ಒಳ್ಳೇದೇ. ಆದರೆ ಪರದೇಶದ ಇಟ್ಟಿಗೆ ಬಡವರ ಮಕ್ಕಳಿಗೆ ಇನ್ನೂ ದೂರ ಆಯ್ತು. ದಾರಿ ಇಲ್ಲ ಅಂತಲ್ಲ. ಆ ಇಟ್ಟಿಗೆಯ ಮೂಲ ಪೇಟೆಂಟಿನ ಅವಧಿ ಯಾವತ್ತೋ ಮುಗಿದಿದೆ, ಅದೇ ಅಳತೆಯ ಇಟ್ಟಿಗೆಯನ್ನು ಯಾರು ಬೇಕಾದರೂ ಮಾಡಬಹುದು. ಮರದ ಕೆಲಸ ಬಲ್ಲ ಚನ್ನಪಟ್ಟಣ ಇಲ್ಲೇ ಇದೆ. ಅದೂ ಬೇಡ ಅಂದರೆ ಎಲ್‌ಡ್ರಾ ಅನ್ನೋ ಉಚಿತ ತಂತ್ರಾಂಶ ಇದೆ. ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಶುರು ಮಾಡಿದ್ದು. ಎರಡೇ ವರ್ಷಕ್ಕೆ ಅವರು ತೀರಿಕೊಂಡರು, ಹವ್ಯಾಸಿಗಳು ಅದನ್ನು ಬಿಡಲಿಲ್ಲ, ಇವತ್ತಿಗೂ ಬೆಳೆಸುತ್ತಿದ್ದಾರೆ. ಶಾಲೆಯ ಒಂದು ಹಳೇ ಕಂಪ್ಯೂಟರಿನಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಇಡೀ ನಂದಿದುರ್ಗ ಕಟ್ಟಬಹುದು.

ದಿನಾ ಬೆಳಗ್ಗೆ ಮಾರಿಕುಪ್ಪಂ ರೈಲು ತುಂಬಿಕೊಂಡು ಬೆಂಗಳೂರಿಗೆ ಬರುತ್ತೆ. ಅದರಲ್ಲಿ ಬರುವ ಸಾವಿರಾರು ಜನ ನಮ್ಮ ಊರಿನ ಎತ್ತರದ ಕಟ್ಟಡಗಳಲ್ಲಿ ದುಡಿದು ರಾತ್ರಿ ವಾಪಸ್ ಹೋಗ್ತಾರೆ. ಅವರ ಅಪ್ಪಂದಿರು ಕೆಳಗೆ ಇಳಿದರು, ಇವರು ಮೇಲೆ ಹತ್ತುತ್ತಿದ್ದಾರೆ. ಇವರ ಮಕ್ಕಳಿಗೆ ತಮ್ಮ ಊರು ಸಿನಿಮಾದಲ್ಲಿ ಮಾತ್ರ ಕಾಣಬಾರದು. ಶಾಲೆಯ ಮೂಲೆಯಲ್ಲಿ ಮೂರು ಮೀಟರಿನ ಒಂದು ಇಟ್ಟಿಗೆ ಸಾಲು ನಿಲ್ಲಲಿ. ಅದರ ತುದಿಯಲ್ಲಿ ಒಂದು ಗುಬಟು ತೋರಿಸಿ ಮಗು ಹೇಳಲಿ: "ಇಗೋ, ನಮ್ಮ ತಾತ ಇಲ್ಲಿದ್ರು."